ನಮ್ಮ ಬೀದಿಯ ಚರಂಡಿಗೆ ಪಾಲಿಕೆಯಲ್ಲಿ ಹಣ ಕೇಳುವುದು ಹೇಗೆ?

ಶಿವಮೊಗ್ಗದಲ್ಲಿ ಜುಲೈ ಮಳೆ ಹಿಡಿದರೆ ಬೀದಿಯ ಕಷ್ಟವೆಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಚರಂಡಿ ಉಕ್ಕುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ. ಎಲ್ಲರೂ ಪಾಲಿಕೆಗೆ ಫೋನ್ ಮಾಡುವುದು ಆಗಲೇ. ಆಗ ಹೆಚ್ಚೆಂದರೆ ಒಂದು ಜೆಸಿಬಿ ಬಂದು ಹೂಳು ಎತ್ತಿ ಹೋಗಬಹುದು. ಹೊಸ ಚರಂಡಿ ಆಗಬೇಕಾದರೆ ಹಣ ಬೇಕು. ಆ ವರ್ಷದ ಹಣ ಬಜೆಟ್‌ನಲ್ಲೇ ಹಂಚಿಹೋಗಿರುತ್ತದೆ. ಏಪ್ರಿಲ್ 1ರಿಂದ ಶುರುವಾಗುವ ವರ್ಷಕ್ಕೆ ನಮ್ಮ ಬೇಡಿಕೆ ಅದಕ್ಕೂ ಮೊದಲಿನ ಡಿಸೆಂಬರ್–ಜನವರಿಯಲ್ಲೇ ಪಾಲಿಕೆ ತಲುಪಿರಬೇಕು.

ಮಳೆಯಲ್ಲೇ ಫೋಟೊ ತೆಗೆದಿಡಿ

2019ರ ಆಗಸ್ಟ್‌ನಲ್ಲಿ ಕುಂಬಾರ ಗುಂಡಿ, ವಿದ್ಯಾನಗರ, ರಾಜೀವ್ ಗಾಂಧಿ ಬಡಾವಣೆಯ ಮನೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಷ್ಟು ದೊಡ್ಡ ನೆರೆಗೆ ಬೇರೆ ಸಾಕ್ಷಿ ಬೇಡ. ಆದರೆ ಪ್ರತಿ ವರ್ಷ ಒಂದೇ ತಿರುವಿನಲ್ಲಿ ಮಂಡಿಯುದ್ದ ನಿಲ್ಲುವ ನೀರಿಗೆ ಸಾಕ್ಷಿ ಬೇಕು. ಜನವರಿಯಲ್ಲಿ ಜಾಗ ನೋಡಲು ಬರುವ ಪಾಲಿಕೆಯ ಜೆಇ (ಕಿರಿಯ ಎಂಜಿನಿಯರ್) ಕಣ್ಣಿಗೆ ಬೀಳುವುದು ಒಣಗಿದ ನೆಲ, ಅಲ್ವಾ? ಅದಕ್ಕೇ ಮಳೆ ಸುರಿಯುವಾಗಲೇ ಫೋಟೊ ತೆಗೆದು, ತಾರೀಖು ಬರೆದಿಡಿ. ಎಷ್ಟು ಮನೆಗೆ ನೀರು ಬಂತು, ಎಷ್ಟು ಹೊತ್ತು ನಿಂತಿತ್ತು ಎನ್ನುವುದನ್ನೂ ಗುರುತು ಹಾಕಿಕೊಳ್ಳಿ.

ಆ ಕೆಲಸ ಯಾರದು?

ತುಂಬಾ ಅರ್ಜಿಗಳು ತಪ್ಪು ಕಚೇರಿಯಲ್ಲಿ ಕೊಳೆಯುತ್ತವೆ. ಬೀದಿದೀಪ ಪಾಲಿಕೆಯದು, ಕರೆಂಟು ಮೆಸ್ಕಾಂನದು. ಕುಡಿಯುವ ನೀರಿಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇದೆ. ಹೆದ್ದಾರಿ ಬದಿಯ ಚರಂಡಿಗೆ ಪಾಲಿಕೆ ಕೈ ಹಾಕುವುದು ಕಷ್ಟ. ಹೊಸ ಬಡಾವಣೆಯವರು ಇನ್ನೊಂದು ವಿಷಯ ವಿಚಾರಿಸಲೇಬೇಕು: ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ? ಆಗದೆ ಇದ್ದರೆ ಮೊದಲು ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಬಡಾವಣೆ ಮಾಡಿದವರ ಹತ್ತಿರ ಹೋಗಬೇಕು.

ಯಾವ ನಿಧಿಯಿಂದ?

'ಪಾಲಿಕೆಯಲ್ಲಿ ದುಡ್ಡಿಲ್ಲ' ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಪಾಲಿಕೆಯ ಹಣ ಒಂದೇ ಗಂಟಿನಲ್ಲಿ ಇರುವುದಿಲ್ಲ. ಆಸ್ತಿ ತೆರಿಗೆ, ಪರವಾನಗಿ ಶುಲ್ಕ ಸೇರಿ ಸ್ವಂತ ನಿಧಿ ಆಗುತ್ತದೆ. ಕೇಂದ್ರ ಹಣಕಾಸು ಆಯೋಗದ ಅನುದಾನ ಬೇರೆ, ರಾಜ್ಯದ ಅನುದಾನ ಬೇರೆ. ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಶೇ 24.10, ಇತರ ಬಡವರಿಗಾಗಿ ಶೇ 7.25, ಅಂಗವಿಕಲರಿಗಾಗಿ ಶೇ 5 ಎಂದು ಹಣ ತೆಗೆದಿಡುವ ನಿಯಮವಿದೆ. ಅಂಗವಿಕಲ ಮಗುವಿನ ಗಾಲಿಕುರ್ಚಿಗೆ ಅರ್ಜಿ ಹಾಕುವವರು ಶೇ 5ರ ನಿಧಿ ಎಂದೇ ಬರೆಯಲಿ. ನಿಧಿಯ ಹೆಸರು ಇದ್ದರೆ ಅರ್ಜಿ ಯಾವ ಮೇಜಿಗೆ ಹೋಗಬೇಕು ಎಂಬ ಗೊಂದಲ ಇರುವುದಿಲ್ಲ.

ಅರ್ಜಿ ಬರೆಯುವುದು

ಒಂದು ಅರ್ಜಿಯಲ್ಲಿ ಒಂದೇ ಕೆಲಸ ಕೇಳಿ. ರಸ್ತೆ, ದೀಪ, ಪಾರ್ಕು, ಬೀದಿನಾಯಿ ಎಲ್ಲ ಒಂದೇ ಹಾಳೆಯಲ್ಲಿ ತುಂಬಿದರೆ ಯಾವ ವಿಭಾಗವೂ ಅದನ್ನು ತನ್ನದು ಎನ್ನುವುದಿಲ್ಲ. 'ನಮ್ಮ ಏರಿಯಾಕ್ಕೆ ಮೂಲಸೌಕರ್ಯ ಕೊಡಿ' ಎಂಬ ಸಾಲನ್ನು ದಯವಿಟ್ಟು ಬಿಡಿ. ಹೀಗೆ ಬರೆಯಬಹುದು:

'2ನೇ ತಿರುವಿನಲ್ಲಿ ಅಂಗನವಾಡಿಯಿಂದ ಮುಖ್ಯರಸ್ತೆಯ ಮೋರಿವರೆಗೆ ಸುಮಾರು 80 ಮೀಟರ್ ಚರಂಡಿ ಇಲ್ಲ. ಜೋರು ಮಳೆಗೆ 14 ಮನೆಗಳಿಗೆ ನೀರು ನುಗ್ಗುತ್ತದೆ. ಫೋಟೊ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ, ಅಂದಾಜು ಪಟ್ಟಿ ತಯಾರಿಸಿ, ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ.'

ಕೊನೆಯ ಸಾಲು ಮರೆಯಬೇಡಿ. ಅಂದಾಜು ಪಟ್ಟಿ ಎಂದರೆ ಕೆಲಸದ ಅಳತೆ, ಖರ್ಚಿನ ಲೆಕ್ಕ. ಅದು ಆಗದೆ ಯಾವ ಕಾಮಗಾರಿಗೂ ಟೆಂಡರ್ ಕರೆಯುವುದಿಲ್ಲ. ಬೀದಿಯವರ ಸಹಿ ಹಾಕಿಸುವಾಗ ಬಾಡಿಗೆ ಮನೆಯವರನ್ನೂ ಸೇರಿಸಿಕೊಳ್ಳಿ, ನೀರು ಅವರ ಮನೆಗೂ ನುಗ್ಗುತ್ತದೆ. ಅರ್ಜಿ ಆಯುಕ್ತರ ಹೆಸರಿಗಿರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಬಾಯಿಮಾತಿನಷ್ಟೇ ಹಗುರ.

ಸಭೆಯಲ್ಲಿ ಮಾತು

ಬಜೆಟ್‌ಗೆ ಮೊದಲು ಪಾಲಿಕೆ ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತದೆ. ಪತ್ರಿಕೆಯ ಸ್ಥಳೀಯ ಪುಟದ ಮೇಲೆ ಕಣ್ಣಿಟ್ಟಿರಿ. ಅಲ್ಲಿ ಮಾತಿಗೆ ಸಿಗುವುದು ಎರಡು–ಮೂರು ನಿಮಿಷ. ಮೊದಲು ಜಾಗ, ಆಮೇಲೆ ತೊಂದರೆ, ಆಮೇಲೆ ಬೇಡಿಕೆ ಹೇಳಿ ಕೂತುಬಿಡಿ. ಹಳೆಯ ಸಿಟ್ಟು ತೀರಿಸಿಕೊಳ್ಳಲು ಹೋದರೆ ಬೇಡಿಕೆ ಹೇಳುವ ಮೊದಲೇ ಸಮಯ ಮುಗಿದಿರುತ್ತದೆ. ಒಬ್ಬರು ಮಾತಾಡಲಿ, ಬೀದಿಯ ನಾಲ್ಕು ಜನ ಜೊತೆಗೆ ಎದ್ದು ನಿಲ್ಲಲಿ. ಮಹಿಳೆಯರು ಮಾತಾಡಿದರೆ ಇನ್ನೂ ಒಳ್ಳೆಯದು, ನುಗ್ಗಿದ ನೀರನ್ನು ಮನೆಯಿಂದ ಎತ್ತಿ ಹಾಕುವವರು ಹೆಚ್ಚಾಗಿ ಅವರೇ.

ನಗರದಲ್ಲಿ 35 ವಾರ್ಡ್‌ಗಳಿವೆ. ಚುನಾಯಿತ ಸದಸ್ಯರು ಇರುವಾಗ ಅರ್ಜಿಯ ಒಂದು ಪ್ರತಿ ನಿಮ್ಮ ವಾರ್ಡಿನವರಿಗೆ ಕೊಡಿ. ಇಲ್ಲದಿರುವಾಗ ಆಡಳಿತಾಧಿಕಾರಿಗೆ ಕೊಡಿ.

ಆಮೇಲೆ

ತಿಂಗಳಾದರೂ ಉತ್ತರ ಬರದಿದ್ದರೆ ಸೀಲು ಹಾಕಿದ ಪ್ರತಿ ಹಿಡಿದು ಜೆಇ ಹತ್ತಿರ ಹೋಗಿ. ಸರ್ಕಾರದ 1902 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಅಲ್ಲಿಗೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, 'ನಮ್ಮ ಅರ್ಜಿಯ ಮೇಲೆ ಆದ ಕ್ರಮದ ಕಡತದ ಪ್ರತಿ ಕೊಡಿ' ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಹಣ ಮಂಜೂರಾದರೂ ಟೆಂಡರ್ ಮುಗಿಯುವಷ್ಟರಲ್ಲಿ ಮತ್ತೆ ಮಳೆ ಬಂದುಬಿಡಬಹುದು. ಹಾಗಾಗಿ ಇರುವ ಚರಂಡಿಯ ಹೂಳು ತೆಗೆಸಲು ಮಾರ್ಚ್‌ನಲ್ಲೇ ಬೇರೆ ಅರ್ಜಿ ಕೊಟ್ಟಿರಿ. ಕೆಲಸ ಶುರುವಾದ ದಿನ ಅಂದಾಜು ಪಟ್ಟಿಯ ಪ್ರತಿ ಕೈಯಲ್ಲಿರಲಿ. 80 ಮೀಟರ್ ಎಂದು ಬರೆದಿದ್ದರೆ, ಸಿಮೆಂಟ್ ಬೀಳುವ ಮೊದಲೇ ಟೇಪು ಹಿಡಿದು ಅಳೆದು ನೋಡಿ.