ಬಾನಿಯಲ್ಲಿ ಹೆಂಡತಿ, ಕೈಯಲ್ಲಿ ಪಟ್ಟಿ

ಫ್ರೆಂಚರ ಹಳೇ ಫಾರ್ಸ್ (ಚಿಕ್ಕ ನಗೆನಾಟಕ) ಒಂದನ್ನು ಕನ್ನಡಕ್ಕೆ ತಂದು ಆಡಿಸಿದೆ. ಹೆಸರು ‘ಲ ಕುವ್ಯೆ’, ಅಂದರೆ ಬಟ್ಟೆ ಒಗೆಯುವ ಬಾನಿ. 15ನೇ ಶತಮಾನದ್ದು, ಬರೆದವನ ಹೆಸರು ಉಳಿದಿಲ್ಲ. ಮೂರೇ ಪಾತ್ರ: ಜಾಕಿನೊ, ಅವನ ಹೆಂಡತಿ, ಅತ್ತೆ. ಇಬ್ಬರೂ ಸೇರಿ ಮನೆಗೆಲಸವನ್ನೆಲ್ಲ ಅವನ ಕೈಯಲ್ಲೇ ಪಟ್ಟಿ ಬರೆಸಿ ರುಜು ಹಾಕಿಸುತ್ತಾರೆ. ಆಮೇಲೆ ಬಟ್ಟೆ ಹಿಂಡುವಾಗ ಹೆಂಡತಿ ಬಾನಿಗೆ ಬೀಳುತ್ತಾಳೆ. ಎತ್ತು ಅಂದರೆ, ‘ಇದು ನನ್ನ ಪಟ್ಟಿಯಲ್ಲಿಲ್ಲ’ ಅನ್ನುತ್ತಾನೆ. ಇನ್ನು ಮೇಲೆ ಮನೆಗೆ ನೀನೇ ಯಜಮಾನ ಅಂತ ಒಪ್ಪಿದ ಮೇಲಷ್ಟೇ ಎತ್ತುತ್ತಾನೆ.

ಫಾರ್ಸ್ ಅಂದರೆ ಹೂರಣ. ದೊಡ್ಡ ಧಾರ್ಮಿಕ ನಾಟಕಗಳ ನಡುವೆ ತುಂಬುತ್ತಿದ್ದ ಆಟ ಅದು. ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಸಾಲು. (ಸುಮಾರು 1,600 ಸಾಲಿನ ‘ಪಾತ್ಲಾಂ’ ಎಂಬ ಫಾರ್ಸ್ ಒಂದು ಬೇರೆ ಮಾತು.) ಅವರದು ಹಲಗೆ ಹಾಸಿದ ಅಟ್ಟ, ಹಿಂದೆ ಒಂದು ಪರದೆ, ಅಷ್ಟೇ. ನಾವೂ ಒಂದು ಬಾನಿ, ಒಂದು ಬೆಂಚು ಇಟ್ಟುಕೊಂಡೆವು.

ಮೊದಲು ಗದ್ಯದಲ್ಲಿ ಬರೆದಿದ್ದೆ. ರಿಹರ್ಸಲ್‌ನಲ್ಲಿ ಆಟ ಮೇಲೇಳಲೇ ಇಲ್ಲ. ಪ್ರತಿ ಮಾತಿನ ನಂತರ ಅರೆ ಕ್ಷಣ ಖಾಲಿ. ಮತ್ತೆ ಮೂಲಕ್ಕೆ ಹೋಗಿ ನೋಡಿದಾಗ ಕಾರಣ ಸಿಕ್ಕಿತು. ಸಾಲಿಗೆ ಎಂಟು ಉಚ್ಚಾರಾಂಶ, ಎರಡೆರಡು ಸಾಲಿಗೆ ಒಂದು ಪ್ರಾಸ. ಆದರೆ ಒಬ್ಬನ ಮಾತಿನ ಕೊನೆಯ ಸಾಲಿಗೆ ಪ್ರಾಸ ಕೂಡುವುದು ಮುಂದಿನವನ ಮೊದಲ ಸಾಲಿನಲ್ಲಿ! ನಟನಿಗೆ ತನ್ನ ಸರದಿ ಅಲ್ಲೇ ನೆನಪಾಗುತ್ತದೆ. ನೋಡುವವರ ಕಿವಿಯೂ ಕಾಯುತ್ತಿರುತ್ತದೆ. ಫಾರ್ಸಿನ ಓಟ ಇರುವುದೇ ಇಲ್ಲಿ ಅಂತ ನನಗೆ ಖಾತ್ರಿಯಾಯಿತು. ಪೂರ್ತಿ ತಿರುಗಿ ಬರೆದೆ. ಗಂಡ ‘ಬರೆದಾಯ್ತು, ಮುಂದೆ ಹೇಳು’ ಅಂದ ಕೂಡಲೇ ಹೆಂಡತಿ ‘ನಸುಕಲ್ಲೇ ನೀನು ಏಳು’ ಅನ್ನಬೇಕು. ಉಸಿರಿಗೂ ಜಾಗ ಕೊಡಬಾರದು. ಒಂದೇ ವಾರದಲ್ಲಿ ಮೂವರಿಗೂ ಮಾತು ಬಾಯಿಗೆ ಬಂತು.

ಬಾನಿಯ ದೃಶ್ಯ ಮಾತ್ರ ಇನ್ನೂ ಕೂರಲಿಲ್ಲ. ನಮ್ಮ ಜಾಕಿನೊ ಹೆಂಡತಿಯನ್ನು ನೋಡಿ ಮುಖ ಸಣ್ಣಗೆ ಮಾಡುತ್ತಿದ್ದ. ಆ ಕನಿಕರ ಬಂದರೆ ನಗು ಸತ್ತೇ ಹೋಗುತ್ತದೆ. ಫಾರ್ಸಿನ ಜನಕ್ಕೆ ಒಳಗೊಂದು ಹೊರಗೊಂದು ಇಲ್ಲ, ಅವರು ಪಶ್ಚಾತ್ತಾಪವನ್ನೂ ಪಡುವುದಿಲ್ಲ. ‘ನಗಿಸೋಕೆ ಹೋಗಬೇಡ, ಸುಮ್ನೆ ಪಟ್ಟಿಯಲ್ಲಿ ನಿಜವಾಗಿ ಹುಡುಕು. ಸಿಕ್ಕರೆ ಎತ್ತು’ ಅಂದೆ. ಪಟ್ಟಿಯನ್ನು ನಿಜಕ್ಕೂ ಬರೆದು ಅವನ ಕೈಗೆ ಕೊಟ್ಟೆ.

ಆಟದ ದಿನ ಅವನು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ. ರೊಟ್ಟಿ ಸುಡುವುದು, ಹಿಟ್ಟಿನ ಗಿರಣಿಗೆ ಹೋಗುವುದು, ರಾತ್ರಿ ಮಗು ಅತ್ತರೆ ಏಳುವುದು. ಕೊನೆಗೆ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ. ಆ ಹೊತ್ತಿಗೆ ಬಾನಿಯ ಮೇಲೆ ಹೆಂಡತಿಯ ಎರಡು ಕೈ ಮಾತ್ರ ಕಾಣುತ್ತಿದ್ದವು.