ತೋಟದ ಮನೆಯ ಅಂಗಳದಲ್ಲಿ ಕಲ್ಲುಕಂಬದ ಚಪ್ಪರ: ನನ್ನ ಅನುಭವ

ಚಿಕ್ಕಬಳ್ಳಾಪುರ ಸುತ್ತಿನ ತೋಟದ ಮನೆಗಳಿಗೆ ಚಪ್ಪರ, ಜಗಲಿ, ತಡೆಗೋಡೆ ಮತ್ತು ಗಿಡಮರಗಳ ಯೋಜನೆ ಮಾಡಿಕೊಡುವುದು ನನ್ನ ವೃತ್ತಿ. ನಂದಿಬೆಟ್ಟದ ತಪ್ಪಲಿನ ಇಳಿಜಾರು ಜಮೀನೊಂದರಲ್ಲಿ ಮನೆಯವರು ಕೇಳಿದ್ದು ಎರಡೇ: ಹತ್ತಾರು ಜನ ಸಂಜೆ ಕೂರುವಂಥ ನೆರಳು ಮತ್ತು ಅದರ ಸುತ್ತ ವಿಶಾಲವಾದ ಹುಲ್ಲುಹಾಸು. ಮೊದಲನೆಯದನ್ನು ಅವರು ಬಯಸಿದ್ದಕ್ಕಿಂತ ಗಟ್ಟಿಯಾಗಿ ಕಟ್ಟಿಕೊಟ್ಟೆ. ಎರಡನೆಯದನ್ನು ಬಹಳಷ್ಟು ಕಿರಿದಾಗಿಸಲು ಒಪ್ಪಿಸಿದೆ.

ಲೆಕ್ಕ ಸರಳವಾಗಿತ್ತು. ನೂರು ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 70,000 ಲೀಟರ್ ನೀರು. ಸೋರಿ, ಆರಿ ಹೋದದ್ದು ಕಳೆದು ಕೈಗೆ ಸಿಗುವುದು ಸುಮಾರು 56,000 ಲೀಟರ್. ಬಿರು ಬೇಸಿಗೆಯಲ್ಲಿ ಹುಲ್ಲು ಚದರ ಮೀಟರಿಗೆ ದಿನವೊಂದಕ್ಕೆ ಸುಮಾರು 5 ಲೀಟರ್ ಕುಡಿಯುತ್ತದೆ. ಅವರು ಕೇಳಿದ 400 ಚದರ ಮೀಟರ್ ಹುಲ್ಲು ಆ ನೀರನ್ನೆಲ್ಲ ತಿಂಗಳೊಳಗೆ ಮುಗಿಸುತ್ತಿತ್ತು. ಉಳಿದ ದಿನಗಳಿಗೆ ಕೊಳವೆಬಾವಿಯೇ ಗತಿ, ಮತ್ತು ನಮ್ಮ ಸೀಮೆಯಲ್ಲಿ ಕೊಳವೆಬಾವಿಯ ನೀರನ್ನು ಅಲಂಕಾರಕ್ಕೆ ಸುರಿಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಜಗಲಿಯ ಮುಂದೆ ಮಕ್ಕಳು ಆಡುವಷ್ಟು ಹುಲ್ಲು ಉಳಿಸಿ, ಮಿಕ್ಕ ಕಡೆ ಹೊಂಗೆ, ನೇರಳೆ, ಕಕ್ಕೆ ಗಿಡಗಳನ್ನು ನೆಡಿಸಿದೆ.

ಚಪ್ಪರದ ಜಾಗವನ್ನು ನಿರ್ಧರಿಸಿದ್ದು ಬಿಸಿಲು. ಇಲ್ಲಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ ಮಧ್ಯದವರೆಗೆ ಉತ್ತರದ ಕಡೆಗೇ ವಾಲಿರುತ್ತಾನೆ. ಹಾಗಾಗಿ ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳು ಎಷ್ಟೇ ಅಂದವಾಗಿದ್ದರೂ ಬೇಸಿಗೆಯ ನಡುಹಗಲಿನಲ್ಲಿ ನೆರಳು ಕೊಡುವುದಿಲ್ಲ, ಅವುಗಳ ಮೇಲೆ ಬಳ್ಳಿ ಹಬ್ಬಲೇಬೇಕು. ಸಂಜೆಯ ಪಡುವಣ ಬಿಸಿಲಂತೂ ಬದಿಯಿಂದ ನುಗ್ಗುವುದರಿಂದ ಅದಕ್ಕೆ ಮೇಲಿನ ಹೊದಿಕೆಯಿಂದ ಪ್ರಯೋಜನವಿಲ್ಲ. ಜಮೀನಿನಲ್ಲಿ ಮೊದಲೇ ಇದ್ದ ದೊಡ್ಡ ಹುಣಸೆಮರದ ಪೂರ್ವಕ್ಕೆ ಚಪ್ಪರವನ್ನು ತಂದು ನಿಲ್ಲಿಸಿದ್ದು ಅದಕ್ಕಾಗಿಯೇ. ಮನೆಯ ಬಾಗಿಲಿಗೆ ಎದುರಾಗಿಲ್ಲವೆಂಬ ಕೊರತೆ ಮನೆಯವರಿಗೆ ಕೆಲಕಾಲ ಇತ್ತು.

ಕಟ್ಟುವ ಕ್ರಮಕ್ಕೆ ನಮ್ಮ ದ್ರಾಕ್ಷಿ ತೋಟಗಳೇ ಮಾದರಿಯಾದವು. ಆದರೆ ತೋಟದ ಚಪ್ಪರ ಆಳೆತ್ತರದ್ದು. ಕೂರುವ ಜಾಗಕ್ಕೆ ಅದು ತಗ್ಗು. ಹತ್ತು ಅಡಿಯ ಕಲ್ಲುಕಂಬಗಳನ್ನು ತರಿಸಿ, ಎರಡೂವರೆ ಅಡಿ ನೆಲದೊಳಗೆ ಇಳಿಸಿ, ಸುತ್ತ ಜಲ್ಲಿ ಮತ್ತು ಮಣ್ಣನ್ನು ಪದರಪದರವಾಗಿ ದಿಮ್ಮಸು ಹಾಕಿಸಿದೆ. ಗ್ರಾನೈಟ್ ಭಾರ ಹೊರುವುದರಲ್ಲಿ ಬಲು ಗಟ್ಟಿ, ಬಾಗುವ ಒತ್ತಡವನ್ನು ತಡೆಯುವ ಶಕ್ತಿ ಮಾತ್ರ ಅದರ ಹತ್ತನೆಯ ಒಂದು ಪಾಲಿನಷ್ಟು. ಆದ್ದರಿಂದ ಕಂಬಗಳಿಗಷ್ಟೇ ಕಲ್ಲು ಬಳಸಿ, ಅಡ್ಡತೊಲೆಗಳನ್ನು ಕಬ್ಬಿಣದ ಚೌಕಕೊಳವೆಗಳಿಂದ ಮಾಡಿಸಿದೆ. ಕಲ್ಲಿನದೇ ತೊಲೆ ಬೇಕೆಂದು ಹಠ ಹಿಡಿಯುವವರಿಗೆ ನಾನು ಒಪ್ಪುವುದಿಲ್ಲ, ಅದರ ಕೆಳಗೆ ಮನುಷ್ಯರು ಕೂರುತ್ತಾರೆ.

ದ್ರಾಕ್ಷಿ ಬೆಳೆಗಾರರು ಮೂಲೆಯ ಕಂಬವನ್ನು ಹೊರಕ್ಕೆ ವಾಲಿಸಿ, ನೆಲದಲ್ಲಿ ಹೂತ ಕಲ್ಲಿಗೆ ತಂತಿಯಿಂದ ಎಳೆದು ಕಟ್ಟುತ್ತಾರೆ. ಇಡೀ ಚಪ್ಪರದ ಬಿಗಿ ಇರುವುದು ಅಲ್ಲಿ. ಅಂಗಳದಲ್ಲಿ ಆ ತಂತಿ ಕಾಲಿಗೆ ತೊಡರುತ್ತದೆ. ಅದರ ಬದಲು ಮೂಲೆಗಳಲ್ಲಿ ಎರಡು ದಿಕ್ಕಿಗೂ ಚಾಚಿದ ಕಲ್ಲುಕಟ್ಟೆಗಳನ್ನು ಕಂಬಕ್ಕೆ ಸೇರಿಸಿ ಕಟ್ಟಿಸಿದಾಗ, ಕೂರಲು ಜಾಗವೂ ಆಯಿತು, ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಕಂಬ ಅಲುಗದಂತೆ ಆಸರೆಯೂ ಆಯಿತು.

ಬಳ್ಳಿಗೆ ಮನೆಯವರು ದ್ರಾಕ್ಷಿಯನ್ನೇ ಬಯಸಿದರು. ಅದಕ್ಕೆ ಔಷಧಿ ಸಿಂಪಡಿಸಬೇಕು, ಹಣ್ಣಿಗೆ ಕಣಜಗಳು ಬರುತ್ತವೆ. ಊಟಕ್ಕೆ ಕೂರುವ ಜಾಗದ ಮೇಲೆ ಅದು ಬೇಡವೆಂದು ಹೇಳಿ ರಂಗೂನ್ ಮಲ್ಲಿಗೆಯನ್ನು ಹಬ್ಬಿಸಿದೆ. ಅದು ಬಲು ರಭಸದಿಂದ ಬೆಳೆಯುವುದರಿಂದ ವರ್ಷಕ್ಕೊಮ್ಮೆ ಹೂವಿನ ಕಾಲ ಮುಗಿದ ಮೇಲೆ ಕಡ್ಡಾಯವಾಗಿ ಸವರಬೇಕೆಂದು ತೋಟದ ಮಾಲಿಗೆ ಹೇಳಿಕೊಟ್ಟಿದ್ದೇನೆ.