ಮೊದಲು ಹಲ್ಲು ಎಣಿಸಿ: ಜೀಪಿನ ಹಿಂದಿನ ಆಕ್ಸಲ್ ಬದಲಾಯಿಸಿದ ನನ್ನ ಅನುಭವ

ಪಾಂಡವಪುರದ ಹತ್ತಿರ ನಮ್ಮ ಗದ್ದೆ. ನಾಲೆ ಏರಿಯಿಂದ ಗದ್ದೆಗೆ ಇಳಿಯೋ ದಾರಿ ಮಳೆ ಬಿದ್ದರೆ ಬರೀ ಕೆಸರು. ಹೋದ ವರ್ಷ ನನ್ನ ಹಳೇ ಸಿಜೆ-3ಬಿ ಜೀಪಿನಲ್ಲಿ ಬಿತ್ತನೆ ಕಬ್ಬು ತುಂಬಿಕೊಂಡು ಏರಿ ಹತ್ತುತ್ತಿದ್ದೆ. ಹಿಂದೆ ಟಕ್ ಅಂತ ಒಂದು ಸದ್ದು. ಎಂಜಿನ್ ಓಡುತ್ತಿದೆ, ಗಾಡಿ ಮುಂದೆ ಹೋಗಲ್ಲ. ಹ್ಯಾಂಡ್ ಬ್ರೇಕ್ ಎಳೆದರೆ ಅದೂ ಹಿಡಿಯಲಿಲ್ಲ, ಹಿಂದಕ್ಕೆ ಜಾರಿತು. ಕಾಲಿನ ಬ್ರೇಕ್ ಇದ್ದಿದ್ದರಿಂದ ಉಳಿದುಕೊಂಡೆ. ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರೋದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚೋ ಪೆಟ್ಟಿಗೆ) ಹಿಂದೆ. ಆಕ್ಸಲ್‌ನಲ್ಲಿ ಒಂದು ಕಡೆ ಹಿಡಿತ ತಪ್ಪಿದರೆ ಹ್ಯಾಂಡ್ ಬ್ರೇಕೂ ಹೋದ ಹಾಗೆ. ಇದು ಎಲ್ಲರಿಗೂ ಗೊತ್ತಿರಬೇಕು. ಫೋರ್ ವೀಲ್ ಹಾಕಿ, ಮುಂದಿನ ಆಕ್ಸಲ್ ಮೇಲೆ ಮನೆ ಸೇರಿದೆ.

ಬಿಚ್ಚಿ ನೋಡಿದರೆ ಹಬ್ (ಚಕ್ರ ಕೂರೋ ಭಾಗ) ಒಳಗಿನ ಕೀ, ಅಂದರೆ ಹಬ್ಬನ್ನೂ ಶಾಫ್ಟನ್ನೂ ಒಟ್ಟಿಗೆ ತಿರುಗಿಸೋ ಲೋಹದ ತುಂಡು, ಮುರಿದಿತ್ತು. ಹಳೇ ಮಾದರಿಯಲ್ಲಿ ಶಾಫ್ಟಿನ ತುದಿ ಚೂಪಾಗಿ ಬರುತ್ತದೆ, ಅದರ ಮೇಲೆ ಹಬ್ ಕೂರಿಸಿ, ಮಧ್ಯೆ ಕೀ ಇಟ್ಟು, ನಟ್ ಬಿಗಿಯುತ್ತಾರೆ. ನಟ್ ಸ್ವಲ್ಪ ಸಡಿಲವಾದರೂ ಎಲ್ಲಾ ಭಾರ ಆ ಸಣ್ಣ ಕೀ ಮೇಲೆ ಬೀಳುತ್ತದೆ. ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದಾಗ ಕೀ ಕೂರೋ ಜಾಗದ ಮೂಲೆಯಿಂದ ಕೂದಲಿನಷ್ಟು ಸಣ್ಣ ಬಿರುಕು ಓಡಿದ್ದು ಕಂಡಿತು. ಬರೀ ಕೀ ಬದಲಾಯಿಸಿ ಓಡಿಸಿದ್ದರೆ ಒಂದು ದಿನ ಚಕ್ರವೇ ಕಳಚಿ ಹೋಗುತ್ತಿತ್ತು, ಅಲ್ವಾ? ಒಂದೇ ತುಂಡಿನ, ತುದಿಯಲ್ಲಿ ಅಗಲ ಫ್ಲ್ಯಾಂಜ್ (ಚಕ್ರ ಬಿಗಿಯೋ ತಟ್ಟೆ) ಇರೋ ಶಾಫ್ಟಿನ ಆಕ್ಸಲ್ಲೇ ಹಾಕೋಣ ಅಂತ ಅವತ್ತೇ ತೀರ್ಮಾನ ಮಾಡಿದೆ. ಫುಲ್ ಫ್ಲೋಟಿಂಗ್ ಅನ್ನೋ ಮಾದರಿ ಇನ್ನೂ ಗಟ್ಟಿ, ಗಾಡಿಯ ಭಾರವನ್ನು ಶಾಫ್ಟ್ ಬದಲು ಹೌಸಿಂಗೇ (ಆಕ್ಸಲ್‌ನ ಹೊರಗಿನ ಕವಚ) ಹೊರುತ್ತದೆ. ಆದರೆ ನನಗೆ ಸಿಕ್ಕಿದ್ದೆಲ್ಲ ಲಾರಿ ಅಗಲದವು.

ಮೈಸೂರಿನ ಗುಜರಿಯೊಂದರಲ್ಲಿ ಒಂದು ಆಕ್ಸಲ್ ತೋರಿಸಿ "ಸಾರ್, ನಿಮ್ಮ ಗಾಡಿಗೆ ಹಂಗೇ ಕೂರುತ್ತೆ" ಅಂದರು. ಕವರ್ ಬಿಚ್ಚಿಸಿ ಎಣಿಸಿದೆ. ಕ್ರೌನ್‌ಗೆ (ಒಳಗಿನ ದೊಡ್ಡ ಗೇರ್) 39 ಹಲ್ಲು, ಅದನ್ನು ತಿರುಗಿಸೋ ಸಣ್ಣ ಗೇರ್ ಪಿನಿಯನ್‌ಗೆ 8. ಅಂದರೆ ರೇಶಿಯೋ 4.88. ನನ್ನ ಮುಂದಿನ ಆಕ್ಸಲ್ 43ಕ್ಕೆ 8, ಅಂದರೆ 5.38. ಹಿಂದೆ ಒಂದು ಲೆಕ್ಕ, ಮುಂದೆ ಒಂದು ಲೆಕ್ಕ ಇದ್ದರೆ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಕವರ್ ತೆಗೆಯೋಕೆ ಬಿಡದಿದ್ದರೆ ಒಂದು ಚಕ್ರದ ಕಡೆ ಅಲ್ಲಾಡದಂತೆ ಹಿಡಿಸಿ, ಇನ್ನೊಂದು ಕಡೆಯದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಪಿನಿಯನ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅದು ಎಷ್ಟು ಸುತ್ತು ಬಂತು ನೋಡಿ, ಅದೇ ನಿಮ್ಮ ರೇಶಿಯೋ.

ಮೂರನೇ ಗುಜರಿಯಲ್ಲಿ 43ಕ್ಕೆ 8 ಸಿಕ್ಕಿತು. ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿ ಈ ಗೇರ್‌ಗಳಿರೋ ಉಬ್ಬು) ಕೂಡ ನನ್ನದರ ಹಾಗೆ ಬಲಕ್ಕೆ ಸರಿದಿತ್ತು. ಇದನ್ನೂ ನೋಡಲೇಬೇಕು. ಈ ಜೀಪಿನ ಟ್ರಾನ್ಸ್‌ಫರ್ ಕೇಸ್‌ನಿಂದ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯೋ ಉದ್ದ ದಂಡ) ಹೊರಡೋದೇ ಬಲಗಡೆಯಿಂದ, ನಡುವೆ ಡಿಫರೆನ್ಷಿಯಲ್ ಇರೋ ಆಕ್ಸಲ್ ಹಾಕಿದರೆ ಶಾಫ್ಟ್ ಓರೆಯಾಗುತ್ತದೆ. ಚಕ್ರದ ಬೋಲ್ಟ್ ನನ್ನದರ ಹಾಗೇ ಐದು, ಐದೂವರೆ ಇಂಚು ವ್ಯಾಸದ ವೃತ್ತದಲ್ಲಿ. ಹಾಗಾಗಿ ನನ್ನ ಹಳೇ ಚಕ್ರಗಳೇ ಕೂತವು. ಅಗಲ ಮಾತ್ರ ಒಂದೊಂದು ಕಡೆ ಒಂದಿಂಚು ಜಾಸ್ತಿ.

ಬೇರಿಂಗ್, ಸೀಲ್ ಎಲ್ಲಾ ಹೊಸದು ಹಾಕಿಸಿದೆ. ಲೀಫ್ ಸ್ಪ್ರಿಂಗ್ ಕೂರೋ ಪ್ಯಾಡ್ ಕಿತ್ತು ಬೇರೆ ಜಾಗಕ್ಕೆ ವೆಲ್ಡ್ ಮಾಡಬೇಕಿತ್ತು, ನಿಜವಾದ ಕೆಲಸ ಇದೇ. ಮೊದಲು ಪ್ಯಾಡ್ ಸುಮ್ನೆ ಇಟ್ಟು ಯು ಬೋಲ್ಟ್ ಹಾಕಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಪೂರ್ತಿ ಭಾರ ಬಿದ್ದ ಮೇಲೆ ಪಿನಿಯನ್ ಕೋನ ಹೊಂದಿಸಿದೆವು. ಅದು ಟ್ರಾನ್ಸ್‌ಫರ್ ಕೇಸ್‌ನ ಶಾಫ್ಟಿಗೆ ಸಮಾನಾಂತರ ಇರಬೇಕು. ನಾವು ಒಂದು ಡಿಗ್ರಿ ಕೆಳಗೆ ಇಟ್ಟೆವು, ಎಳೆಯುವಾಗ ಸ್ಪ್ರಿಂಗ್ ತಿರುಚಿ ಪಿನಿಯನ್ ಮೇಲೇಳುತ್ತದೆ ಅಂತ. ಆಮೇಲೆ ಚುಕ್ಕಿ ವೆಲ್ಡ್ ಹಾಕಿ, ಶಾಫ್ಟ್, ಸೀಲ್ ತೆಗೆದು, ಈ ಕಡೆ ಒಂದಿಂಚು ಆ ಕಡೆ ಒಂದಿಂಚು ಅಂತ ಆರಲು ಬಿಟ್ಟು ಬಿಟ್ಟು ವೆಲ್ಡ್ ಮಾಡಿಸಿದೆ. ಒಂದೇ ಸಲ ಎಳೆದರೆ ಹೌಸಿಂಗ್ ಬಾಗುತ್ತದೆ. ಮೇಸ್ತ್ರಿಗೆ ಅವಸರ ಇತ್ತು, ನಾನು ಬಿಡಲಿಲ್ಲ.

ಪ್ರೊಪೆಲ್ಲರ್ ಅಳತೆಯನ್ನೂ ಗಾಡಿ ನೆಲದ ಮೇಲೆ ನಿಂತಿರುವಾಗಲೇ ತೆಗೆದು, ಬನ್ನಿಮಂಟಪದ ಕಡೆ ಲೇತ್‌ನಲ್ಲಿ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದೆ. ಆಕ್ಸಲ್‌ಗೆ ಹಾಕಿದ್ದು ಇಪಿ 90 ಗೇರ್ ಆಯಿಲ್, ಜಿಎಲ್-5 ದರ್ಜೆಯದು. ಹೊಸ ಆಕ್ಸಲ್‌ನ ಬ್ರೇಕ್ ಡ್ರಮ್ ದೊಡ್ಡದಾದ್ದರಿಂದ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಾ ಅಂತ ಖಾಲಿ ಮೈದಾನದಲ್ಲಿ ಬ್ರೇಕ್ ಹಾಕಿ ಹಾಕಿ ನೋಡಿದೆ. ಇಂಥ ಕೆಲಸಕ್ಕೆ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಡಿನ ಬಗ್ಗೆಯೇ ಇದೆ.

ಕೊನೆಗೆ ಮಾಡಿದ್ದು ಬ್ರೀದರ್, ಅಂದರೆ ಹೌಸಿಂಗ್‌ಗೆ ಗಾಳಿಯಾಡೋ ದಾರಿ. ಬಿಸಿಯಾದ ಹೌಸಿಂಗ್ ತಣ್ಣಗಿನ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಒಂದು ರಬ್ಬರ್ ಪೈಪ್ ಹಾಕಿ ಅದರ ತುದಿಯನ್ನು ಸೀಟಿನ ಎತ್ತರಕ್ಕೆ ಕಟ್ಟಿದೆ. 500 ಕಿ.ಮೀ. ಆದ ಮೇಲೆ ಆಯಿಲ್ ಇಳಿಸಿದಾಗ ಒಂದು ಹನಿ ನೀರಿರಲಿಲ್ಲ, ಪ್ಲಗ್‌ಗೆ ಕಬ್ಬಿಣದ ಚೂರೂ ಅಂಟಿರಲಿಲ್ಲ. ಅದೇ ವಾರ ಅದೇ ಏರಿಯನ್ನು ಅಷ್ಟೇ ಕಬ್ಬು ತುಂಬಿಕೊಂಡು ಹತ್ತಿಸಿದೆ.